20 ವರ್ಷ ನಿಂತ ಕಾರನ್ನು ನೇರವಾಗಿ ಸ್ಟಾರ್ಟ್ ಮಾಡಬಹುದಾ?

20 ವರ್ಷ ಶೆಡ್‌ನಲ್ಲಿ ನಿಂತ ಕಾರಿಗೆ ಹೊಸ ಬ್ಯಾಟರಿ ಹಾಕಿ ನೇರವಾಗಿ ಸ್ಟಾರ್ಟ್ ಮಾಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಮಾಡಬೇಡಿ. ಇಷ್ಟು ವರ್ಷ ಕಾದಿದೆ, ಇನ್ನೊಂದೆರಡು ವಾರ ಕಾಯಲಿ.

ಎಂಜಿನ್ ನಿಂತಲ್ಲೇ ನಿಂತರೆ ಸಿಲಿಂಡರ್ ಗೋಡೆಯ ಮೇಲಿನ ಎಣ್ಣೆ ಇಳಿದುಹೋಗುತ್ತದೆ. ಅದರೊಳಗೆ ಮೇಲೆ ಕೆಳಗೆ ಓಡುವ ಪಿಸ್ಟನ್ನಿನ ಸುತ್ತಲಿನ ರಿಂಗ್‌ಗಳು ತುಕ್ಕು ಹಿಡಿದು ಅಲ್ಲೇ ಕಚ್ಚಿಕೊಂಡಿರಬಹುದು. ಸ್ಟಾರ್ಟರ್ ಮೋಟಾರಿನ ಬಲಕ್ಕೆ ರಿಂಗ್ ಮುರಿದು ಗೋಡೆಗೆ ಗೀರು ಬಿದ್ದರೆ ಸಿಲಿಂಡರ್ ಕೊರೆದು ಸರಿಮಾಡುವ ಬೋರಿಂಗ್ ಖರ್ಚು ಸುಮ್ನೆ ತಲೆ ಮೇಲೆ ಬರುತ್ತದೆ.

ಮೊದಲು ಸ್ಪಾರ್ಕ್ ಪ್ಲಗ್ ಎಲ್ಲ ಬಿಚ್ಚಿ. ಒಂದೊಂದು ಸಿಲಿಂಡರ್‌ಗೂ ಒಂದೆರಡು ಚಮಚ ತೆಳು ಎಣ್ಣೆ ಬಿಟ್ಟು 2-3 ದಿನ ಹಾಗೇ ಇರಲಿ. ಆಮೇಲೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಪುಲ್ಲಿಯ (ಎಂಜಿನ್ ಜೊತೆ ತಿರುಗುವ, ಬೆಲ್ಟ್ ಕೂರುವ ಚಕ್ರ) ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ಓಡುವ ದಿಕ್ಕಿಗೇ ಕೈಯಲ್ಲಿ ನಿಧಾನವಾಗಿ ತಿರುಗಿಸಿ. ಜಗ್ಗದಿದ್ದರೆ ಜಾಸ್ತಿ ಬಲ ಹಾಕಬೇಡಿ. ಮತ್ತೆ ಎಣ್ಣೆ ಬಿಡಿ, ಮತ್ತೆ ಕಾಯಿರಿ. ನನ್ನ ಎಂಜಿನ್ 9ನೇ ದಿನ ಅಲ್ಲಾಡಿತು. ಸ್ಪ್ಯಾನರ್ ಕೂದಲೆಳೆಯಷ್ಟು ಸರಿದದ್ದು ಅಂಗೈಗೆ ಗೊತ್ತಾಯಿತು. ಆ ಖುಷಿ ಇವತ್ತಿಗೂ ಹಾಗೇ ಇದೆ.

ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ತೆಗೆಯಿರಿ, ಅದು ಅಂಟಾಗಿ ಕಾರ್ಬ್ಯುರೇಟರ್ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತು, ಕಟ್ಟಿಕೊಳ್ಳುವಂತೆ ಮಾಡುತ್ತದೆ. ಎಂಜಿನ್ ಆಯಿಲ್ ಬದಲಿಸಿ. ಪ್ಲಗ್‌ಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ವೈರ್ ತೆಗೆದು, ಪ್ಲಗ್ ಹಾಕದೆ ಸ್ಟಾರ್ಟರ್‌ನಲ್ಲಿ ತಿರುಗಿಸಿ, ಆಯಿಲ್ ಪ್ರೆಶರ್ ಬಂದದ್ದು ನೋಡಿಕೊಂಡು, ಆಮೇಲೆ ಪ್ಲಗ್, ವೈರ್ ಹಾಕಿ ಸ್ಟಾರ್ಟ್ ಮಾಡಿ.

ಎಂಜಿನ್ ಓಡಿತು ಅಂತ ರಸ್ತೆಗೆ ಇಳಿಸಬೇಡಿ. ಬ್ರೇಕಿನ ರಬ್ಬರ್ ಹೋಸ್, ಸೀಲ್‌ಗಳು ನೋಡಲು ಚೆನ್ನಾಗಿದ್ದರೂ ಬದಲಾಗಲೇಬೇಕು.

ಹಾಂ, ಬಿಚ್ಚುವ ಮುಂಚೆ ಪ್ರತಿಯೊಂದರ ಫೋಟೋ ತೆಗೆಯಿರಿ. ಬೋಲ್ಟ್‌ಗಳನ್ನು ಚೀಟಿ ಬರೆದ ಕವರಿನಲ್ಲಿ ಹಾಕಿಡಿ. ಕೆಲಸ ಎಳೆದು ಎರಡು ವರ್ಷ ಆದ ಮೇಲೆ ಯಾವುದು ಎಲ್ಲಿಯದು ಅಂತ ನೆನಪಿರುವುದಿಲ್ಲ, ಅಲ್ವಾ.