ಕಾನೂನು ನೆರವು ಪ್ಯಾನೆಲ್‌ಗೆ ಹಾಕಿದ ಅರ್ಜಿ ವಾಪಸ್ ಬಂದಿದ್ದಕ್ಕೆ

ವಕೀಲಿಕೆ ಸನ್ನದು (ವಕೀಲರಾಗಿ ಕೆಲಸ ಮಾಡುವ ಪರವಾನಗಿ) ಸಿಕ್ಕಿ ಒಂದು ವರ್ಷ ಅಂದಿದ್ದೀರಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅರ್ಜಿ ತಿರಸ್ಕರಿಸಿದ್ದಕ್ಕೆ ಬಹುಶಃ ಅದೇ ಕಾರಣ. ನಾಲ್ಸಾದ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) 2010ರ ನಿಯಮದಂತೆ ಪ್ಯಾನೆಲ್ ವಕೀಲರಿಗೆ, ಅಂದ್ರೆ ಉಚಿತ ಕಾನೂನು ನೆರವಿನ ಕೇಸು ನಡೆಸಲು ಪ್ರಾಧಿಕಾರ ಪಟ್ಟಿ ಮಾಡಿಕೊಳ್ಳುವ ವಕೀಲರಿಗೆ, ಕನಿಷ್ಠ 3 ವರ್ಷದ ಅನುಭವ ಬೇಕು. ಪತ್ರದಲ್ಲಿ ಬೇರೇನಾದರೂ ಬರೆದಿದ್ದರೆ ಮಾತ್ರ ಲೆಕ್ಕ ಬೇರೆ.

ಮೊದಲು ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಿಲ್ಲ ಅಂದ್ರೆ ಅದನ್ನು ಮುಗಿಸಿ. ಆಮೇಲೆ ಸೆಷನ್ಸ್ ಕೋರ್ಟಲ್ಲಿ ಕ್ರಿಮಿನಲ್ ಕೇಸು ನಡೆಸುವ ಹಿರಿಯರ ಆಫೀಸು ಸೇರಿ. ಜಾಮೀನು ಅರ್ಜಿ, ಪಾಟೀಸವಾಲು ಕೈಗೆ ಹತ್ತಬೇಕು. ಸುಮ್ನೆ ಸೆಮಿನಾರ್ ಸುತ್ತಿದರೆ ಇದು ಬರಲ್ಲ. ಜೊತೆಗೇ ಪ್ರಾಧಿಕಾರದ ಕಾನೂನು ನೆರವು ಅಭಿರಕ್ಷಕರ ವ್ಯವಸ್ಥೆಯ (ಕ್ರಿಮಿನಲ್ ಕೇಸಿನ ಆರೋಪಿಗಳ ಪರ ಉಚಿತವಾಗಿ ವಾದಿಸುವ ವಕೀಲರ ತಂಡ) ನೇಮಕಾತಿ ಪ್ರಕಟಣೆ ನೋಡ್ತಾ ಇರಿ. ಅದರಲ್ಲಿ ಸಹಾಯಕ ಹುದ್ದೆಗೆ 0ಯಿಂದ 3 ವರ್ಷ ಅನುಭವದವರೂ ಅರ್ಜಿ ಹಾಕಬಹುದು. ಗುತ್ತಿಗೆ ಕೆಲಸ, ಪೂರ್ಣಾವಧಿ. ಖಾಸಗಿ ಕೇಸು ತಗೊಳ್ಳುವಂತಿಲ್ಲ, ಯೋಚಿಸಿ ಹಾಕಿ.