ಮಡೈರಾ ದ್ವೀಪದ ಜೀಪ್ ಟೂರ್‌ನಲ್ಲಿ ವಯಸ್ಸಾದವರು ನಡೆಯಬಹುದಾ?

ಗಂಗಾವತಿಯಿಂದ ಒಬ್ಬರು ಕೇಳಿದ್ದಾರೆ: ಪೋರ್ಚುಗಲ್‌ನ ಮಡೈರಾದಲ್ಲಿ ಒಂದು ದಿನದ ಜೀಪ್ ಟೂರ್‌ ಜೊತೆ ನಡಿಗೆಯೂ ಇದೆಯಂತೆ, ಅಷ್ಟು ಗುಡ್ಡದ ಜಾಗದಲ್ಲಿ ನಮ್ಮ ಅಮ್ಮ ನಡೀಬಹುದಾ?

ಹೆಚ್ಚಾಗಿ ನಡೆಯಬಹುದು. ಏರು ಹತ್ತುವ ಕೆಲಸ ಜೀಪಿನದು, ನಡೆಯುವ ದಾರಿ ಬಹುತೇಕ ಸಮ.

ಯಾಕಂದ್ರೆ ಆ ದಾರಿ ಕಾಲುವೆಯ ಏರಿ. ಕಾಲುವೆಗೆ ಅಲ್ಲಿ ಲೆವಾಡ ಅನ್ನುತ್ತಾರೆ. ಸಮುದ್ರದ ಗಾಳಿ ಉತ್ತರದ ಗುಡ್ಡಗಳಿಗೆ ಬಡಿದು ಅಲ್ಲೇ ಮಳೆ ಸುರಿಸುತ್ತದೆ, ದಕ್ಷಿಣಕ್ಕೆ ಬರುವಷ್ಟರಲ್ಲಿ ಒಣಗಿರುತ್ತದೆ. ಆದರೆ ನೀರು ಬೇಕಿದ್ದದ್ದು ದಕ್ಷಿಣದ ಹೊಲಗಳಿಗೆ, ಕಬ್ಬಿಗೆ. ಹಾಗಾಗಿ 15ನೇ ಶತಮಾನದಿಂದಲೂ ಬಂಡೆ ಕೊರೆದು ನೀರು ತಂದರು. ನೀರು ತಾನೇ ಹರಿಯಬೇಕು, ರಭಸಕ್ಕೆ ಗೋಡೆ ಕಿತ್ತುಹೋಗಲೂಬಾರದು, ಅದಕ್ಕೇ ಇಳಿಜಾರು ಕಣ್ಣಿಗೆ ಕಾಣದಷ್ಟು ಕಮ್ಮಿ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ಏರಿ ಮೇಲೆ ನಡೆದಿರ್ತೀರಲ್ವಾ, ಅದೇ ಲೆಕ್ಕ. ಅಲ್ಲಿಯ ಕಾಲುವೆ ಮಾತ್ರ ತುಂಬಾ ಚಿಕ್ಕದು, ಒಂದು ಎಲೆ ಬಿಟ್ಟರೆ ನಿಮ್ಮ ಮಗ್ಗುಲಲ್ಲೇ ತೇಲಿಕೊಂಡು ಬರುತ್ತದೆ.

ಆದರೆ ಸಮ ಇದೆ ಅಂತ ಮೈಮರೆಯಬೇಡಿ. ಕೆಲವು ಕಡೆ ಏರಿ ಒಬ್ಬರು ಹೋಗುವಷ್ಟೇ ಅಗಲ, ಈಚೆ ನೀರು, ಆಚೆ ಆಳದ ಕಣಿವೆ, ಕಾಲಡಿ ಪಾಚಿ. ಸುರಂಗವಿದ್ದರೆ ಟಾರ್ಚ್ ಬೇಕೇ ಬೇಕು. ಬುಕ್ ಮಾಡುವ ಮುಂಚೆ ಯಾವ ಲೆವಾಡ, ಕಣಿವೆ ಕಡೆ ಬೇಲಿ ಇದೆಯಾ ಅಂತ ಗೈಡನ್ನೇ ಕೇಳಿ. ಅಮ್ಮನಿಗೆ ಎತ್ತರ ಕಂಡರೆ ತಲೆ ತಿರುಗುತ್ತದೆ ಅಂದರೆ ಅಗಲ ಏರಿ ಇರುವುದನ್ನೇ ಆರಿಸಿ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿಸಿ. ಕೆಳಗೆ ದ್ವೀಪದ ರಾಜಧಾನಿ ಫುಂಚಾಲ್‌ನಲ್ಲಿ ಬಿಸಿಲಿದ್ದರೂ ಮೇಲೆ ಮಳೆ ಇರಬಹುದು, ರೇನ್‌ಕೋಟ್ ಬ್ಯಾಗಿನಲ್ಲಿರಲಿ.