ಬಯೋಚಾರ್ ಮಣ್ಣಿನ ವಿಷವನ್ನು ಒಡೆಯುತ್ತದೆಯೇ, ಹಿಡಿದಿಡುತ್ತದೆಯೇ?

ಪ್ರಶ್ನೆ: ಅನೇಕ ವರ್ಷ ಕಳೆನಾಶಕ, ರಾಸಾಯನಿಕ ಗೊಬ್ಬರ ಬಳಸಿದ ಹೊಲವನ್ನು ಈಗ ನಾನು ಸಾಗುವಳಿ ಮಾಡುತ್ತಿದ್ದೇನೆ. ಮಣ್ಣಿನ ಪರೀಕ್ಷೆಯಲ್ಲಿ ಅಟ್ರಾಜಿನ್ ಎಂಬ ಕಳೆನಾಶಕದ ಉಳಿಕೆಯ ಜೊತೆಗೆ ಕ್ಯಾಡ್ಮಿಯಂ ಎಂಬ ವಿಷಕಾರಿ ಭಾರಲೋಹ ಕೂಡ ಕಂಡುಬಂದಿದೆ. ಬಯೋಚಾರ್ (ಗಾಳಿ ಕಡಿಮೆ ಇರುವಲ್ಲಿ ಸಸ್ಯತ್ಯಾಜ್ಯದಂಥ ಸಾವಯವ ವಸ್ತು ಸುಟ್ಟು ಮಾಡಿದ ಇದ್ದಿಲು) ಬೆರೆಸಿದರೆ ಇವೆರಡೂ ನಾಶವಾಗುತ್ತವೆಯೇ?

ಉತ್ತರ: ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಕ್ಯಾಡ್ಮಿಯಂ ಮೂಲಧಾತುವಾದ್ದರಿಂದ ಅದನ್ನು ಯಾವ ಇದ್ದಿಲೂ, ಯಾವ ಸೂಕ್ಷ್ಮಾಣುವೂ ಒಡೆಯಲಾರದು. ಬಯೋಚಾರ್ ಸಾಮಾನ್ಯವಾಗಿ ಕ್ಷಾರೀಯವಾಗಿದ್ದು ಆಮ್ಲೀಯ ಮಣ್ಣಿನ ರಸಸಾರವನ್ನು (pH) ಏರಿಸುತ್ತದೆ, ತನ್ನ ಮೇಲ್ಮೈಯಲ್ಲಿ ಲೋಹದ ಅಯಾನುಗಳನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ಬೇರುಗಳಿಗೆ ದಕ್ಕುವ ಕ್ಯಾಡ್ಮಿಯಂ ಕಡಿಮೆಯಾಗುತ್ತದೆಯೇ ಹೊರತು ಮಣ್ಣಿನಲ್ಲಿರುವ ಒಟ್ಟು ಪ್ರಮಾಣ ಕಡಿಮೆಯಾಗುವುದಿಲ್ಲ. ವರ್ಷಗಳು ಕಳೆದಂತೆ ಮಣ್ಣು ಮತ್ತೆ ಆಮ್ಲೀಯವಾದರೆ ಹಿಡಿತವೂ ಸಡಿಲಗೊಳ್ಳುತ್ತದೆ. ಆರ್ಸೆನಿಕ್ ಇರುವ ಹೊಲದಲ್ಲಿ ಇದೇ ಉಪಾಯ ತಿರುಗುಬಾಣವಾಗಬಹುದು, ಏಕೆಂದರೆ ರಸಸಾರ ಏರಿದಾಗ ಆರ್ಸೆನಿಕ್ ಹೆಚ್ಚು ಕರಗಿ ಹೊರಬರುತ್ತದೆ.

ಅಟ್ರಾಜಿನ್ ಸಾವಯವ ಅಣುವಾದ್ದರಿಂದ ಅದು ನಿಜಕ್ಕೂ ಒಡೆಯಬಲ್ಲದು. ಅದರಲ್ಲಿರುವ ಸಾರಜನಕವನ್ನು ಆಹಾರವಾಗಿ ಬಳಸುವ ಸ್ಯೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ಮಣ್ಣಿನಲ್ಲಿವೆ. ಬಯೋಚಾರ್‌ನ ರಂಧ್ರಗಳು ಅಂಥ ಜೀವಿಗಳಿಗೆ ತೇವ ಮತ್ತು ಆಸರೆ ಒದಗಿಸುತ್ತವೆ. ಇದ್ದಿಲಿನ ಮೇಲ್ಮೈಯಲ್ಲಿರುವ ಕ್ವಿನೋನ್ ಎಂಬ ಆಮ್ಲಜನಕಯುಕ್ತ ಪರಮಾಣು ಗುಂಪುಗಳು ಎಲೆಕ್ಟ್ರಾನ್‌ಗಳನ್ನು ಸಾಗಿಸಿ ಕೆಲವು ಮಾಲಿನ್ಯಕಾರಕಗಳ ವಿಘಟನೆಗೆ ನೆರವಾಗುತ್ತವೆ. ಹೈಡ್ರೋಜನ್ ಪೆರಾಕ್ಸೈಡ್ ಅಥವಾ ಪರ್‌ಸಲ್ಫೇಟ್ ಜೊತೆ ಸೇರಿದಾಗ ಬಯೋಚಾರ್ ಎದುರಾದ ಅಣುಗಳೊಡನೆ ತಕ್ಷಣ ಪ್ರತಿಕ್ರಿಯಿಸುವ, ಅತ್ಯಂತ ಚುರುಕಾದ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ ಎಂಬುದೂ ಪ್ರಯೋಗಾಲಯದಲ್ಲಿ ಖಚಿತವಾಗಿದೆ. ಆದರೆ ಆ ರ‍್ಯಾಡಿಕಲ್‌ಗಳಿಗೆ ಕಳೆನಾಶಕ ಯಾವುದು, ಮಣ್ಣಿನ ಜೀವಿ ಯಾವುದು ಎಂಬ ಭೇದವಿಲ್ಲದಿರುವುದರಿಂದ, ಬೆಳೆ ನಿಂತ ಹೊಲದಲ್ಲಿ ಈ ಮಿಶ್ರಣವನ್ನು ನೀವೇ ಪ್ರಯೋಗಿಸಬೇಡಿ.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಲೇಬೇಕು. ಇದ್ದಿಲು ಅಣುವನ್ನು ಬಿಗಿಯಾಗಿ ಹೀರಿಕೊಂಡಷ್ಟೂ ಅದು ಬ್ಯಾಕ್ಟೀರಿಯಾಗಳ ಕೈಗೆ ಸಿಗುವುದು ಕಡಿಮೆಯಾಗುತ್ತದೆ. ಬೆಳೆ ಸುರಕ್ಷಿತವಾಗಿದ್ದರೂ ವಿಷ ಮಣ್ಣಿನಲ್ಲಿ ಮೊದಲಿಗಿಂತ ಹೆಚ್ಚು ಕಾಲ ಉಳಿದುಬಿಡಬಹುದು. ಸುಮಾರು 700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟ ಇದ್ದಿಲಿನ ಮೇಲ್ಮೈ ವಿಸ್ತಾರ ಹೆಚ್ಚಿರುವುದರಿಂದ ಸಾವಯವ ವಿಷಗಳ ಮೇಲೆ ಅದರ ಹಿಡಿತ ಬಲವಾಗಿರುತ್ತದೆ. 400 ಡಿಗ್ರಿಯ ಆಸುಪಾಸಿನಲ್ಲಿ ತಯಾರಾದುದರಲ್ಲಿ ಆಮ್ಲಜನಕಯುಕ್ತ ಗುಂಪುಗಳು ಹೆಚ್ಚು ಉಳಿದಿರುತ್ತವೆ, ಲೋಹಗಳನ್ನು ಹಿಡಿಯಲು ಇವು ಉಪಯುಕ್ತ. ವಿಘಟನೆಯೇ ನಿಮ್ಮ ಗುರಿಯಾದರೆ, ಇದ್ದಿಲನ್ನು ಒಣದಾಗಿ ಎರಚುವ ಬದಲು ಚೆನ್ನಾಗಿ ಕಳಿತ ಕಾಂಪೋಸ್ಟ್‌ನೊಂದಿಗೆ ಕೆಲವು ವಾರ ನೆನೆಯಿಟ್ಟು ಬಳಸುವುದು ಮೇಲು ಎಂದು ನನ್ನ ಅಭಿಪ್ರಾಯ.

ಪ್ರಮಾಣದ ಲೆಕ್ಕ ಸರಳವಾಗಿದೆ: ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 2,000 ಟನ್ ತೂಗುವುದರಿಂದ ಶೇಕಡಾ 1ರಷ್ಟು ಬೆರೆಸಲು 20 ಟನ್ ಬೇಕು. ಮೊದಲು ಕೆಲವು ಚದರ ಮೀಟರಿನಲ್ಲಿ ಪರೀಕ್ಷಿಸಿ ನೋಡಿ. ಒಮ್ಮೆ ಬೆರೆತ ಇದ್ದಿಲನ್ನು ಮರಳಿ ತೆಗೆಯಲಾಗದು. ಚರಂಡಿ ಕೆಸರಿನಿಂದ ಅಥವಾ ಬಣ್ಣ ಬಳಿದ ಮರದಿಂದ ಮಾಡಿದ ಇದ್ದಿಲು ತಾನೇ ಭಾರಲೋಹಗಳನ್ನು ಹೊತ್ತು ತರಬಹುದು. ಮುಂದೆ ಸಿಂಪಡಿಸುವ ಕಳೆನಾಶಕವನ್ನೂ ಅದು ಹೀರಿಕೊಳ್ಳುವುದರಿಂದ ಕಳೆ ನಿಯಂತ್ರಣ ಕುಂದಬಹುದು.

ಫಲಿತಾಂಶ ತಿಳಿಯಲು ಒಟ್ಟು ಕ್ಯಾಡ್ಮಿಯಂ ಅಳೆಸಿದರೆ ಸಂಖ್ಯೆ ಬಹುತೇಕ ಬದಲಾಗದೆ ನಿಮಗೆ ನಿರಾಶೆಯಾದೀತು; ಬದಲಿಗೆ ಸಸ್ಯಕ್ಕೆ ಲಭ್ಯವಿರುವ ಕ್ಯಾಡ್ಮಿಯಂ ಪರೀಕ್ಷೆಯನ್ನು ಕೇಳಿ ಮಾಡಿಸಿ, ಕೊಯ್ಲಾದ ಬಳಿಕ ಕಾಳಿನ ಮಾದರಿಯನ್ನೂ ಪರೀಕ್ಷೆಗೆ ಕೊಡಿ.